ಕಂಗಾಲ್: ಮಂದೆಯ ಕಾವಲುನಾಯಿಯ ಸ್ವಭಾವವೂ ಪಾಲನೆಯೂ

ಕಾವಲುನಾಯಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರ ಯಾವುದು? ಸರಪಳಿಯನ್ನು ಜಗ್ಗುತ್ತ, ಹಲ್ಲು ಕಿರಿದು, ಹಾದಿಹೋಕರ ಮೇಲೆರಗಲು ಹವಣಿಸುವ ಪ್ರಾಣಿಯ ಚಿತ್ರ. ಮನೆಯ ಗೇಟಿಗೆ ತೂಗುಹಾಕಿದ 'ನಾಯಿ ಇದೆ, ಎಚ್ಚರಿಕೆ' ಎಂಬ ಹಲಗೆಯೂ ಇದೇ ಭಾವನೆಯನ್ನು ಬಲಪಡಿಸುತ್ತದೆ. ನಾಯಿ ಎಷ್ಟು ಕೋಪಿಷ್ಠವೋ ಕಾವಲು ಅಷ್ಟು ಭದ್ರವೆಂಬುದು ಜನರ ಸಾಮಾನ್ಯ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ತಿಳಿಯಬೇಕಾದರೆ, ತಲೆತಲಾಂತರದಿಂದ ಕಾವಲನ್ನೇ ಕಸುಬಾಗಿ ಮಾಡಿಕೊಂಡು ಬಂದಿರುವ ನಾಯಿಯೊಂದನ್ನು ಹತ್ತಿರದಿಂದ ನೋಡಬೇಕು. ಟರ್ಕಿ ದೇಶದ ಕಂಗಾಲ್ ಅಂಥ ನಾಯಿ.

ಈ ವಿಚಾರ ಕೇವಲ ಕುತೂಹಲಕ್ಕೆ ಸಂಬಂಧಿಸಿದ್ದಲ್ಲ. 2024ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಮನುಷ್ಯರಿಗೆ ಅಪಾಯಕರವೆಂದು 23 ಬಗೆಯ ನಾಯಿಗಳನ್ನು ಹೆಸರಿಸಿ, ಅವುಗಳ ಆಮದು, ಮಾರಾಟ ಹಾಗೂ ಸಂತಾನವೃದ್ಧಿಯನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆಯನ್ನು ಕಳುಹಿಸಿತು. ಆ ಪಟ್ಟಿಯಲ್ಲಿ ಕಂಗಾಲ್ ನಾಯಿಯ ಹೆಸರೂ ಇತ್ತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಕೇಳದೆ ಹೊರಡಿಸಿದ್ದೆಂಬ ಕಾರಣದಿಂದ ಕರ್ನಾಟಕ ಹೈಕೋರ್ಟು ಅದೇ ವರ್ಷದ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದುಪಡಿಸಿತು. ತೀರ್ಪು ಮುಖ್ಯವಾಗಿ ಸರ್ಕಾರ ಅನುಸರಿಸಿದ ಕ್ರಮವನ್ನು ಕುರಿತದ್ದು. ನಾಯಿಯ ಸ್ವಭಾವವೇನು, ಅದು ಯಾವಾಗ ಅಪಾಯಕರವಾಗುತ್ತದೆ, ಯಾವಾಗ ಉಪಕಾರಿಯಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಪ್ರಾಣಿಶಾಸ್ತ್ರದಲ್ಲಿ ಹುಡುಕಬೇಕು.

ನೆಲೆ ಮತ್ತು ರೂಪ

ಟರ್ಕಿಯ ನಡುಭಾಗದಲ್ಲಿ ಅನಟೋಲಿಯ ಎಂಬ ವಿಶಾಲವಾದ ಪ್ರಸ್ಥಭೂಮಿ ಉಂಟು. ಅಲ್ಲಿನ ಸಿವಾಸ್ ಪ್ರಾಂತದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ, ಕಂಗಾಲ್ ಎಂಬ ಸಣ್ಣ ಊರಿದೆ. ಊರಿನ ಹೆಸರೇ ನಾಯಿಗೂ ಬಂದಿತು. ನಮ್ಮ ಭಾಷೆಯ 'ಕಂಗಾಲು' ಎಂಬ ಮಾತಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕಂಗಾಲಾಗುವುದು ಈ ನಾಯಿಯ ಸ್ವಭಾವವೂ ಅಲ್ಲ. ಆ ಸೀಮೆಯಲ್ಲಿ ಚಳಿಗಾಲದಲ್ಲಿ ದಟ್ಟವಾಗಿ ಹಿಮ ಬೀಳುತ್ತದೆ. ಬೇಸಗೆ ಒಣಗಿ ಸುಡುತ್ತದೆ. ಕುರಿಸಾಕಣೆ ಅಲ್ಲಿನ ಜನರ ಹಳೆಯ ಜೀವನೋಪಾಯ. ತೋಳ ಅವರ ಹಳೆಯ ಶತ್ರು.

ಬೆಳೆದ ಗಂಡು ನಾಯಿ ಭುಜದ ಬಳಿ 72ರಿಂದ 78 ಸೆಂಟಿಮೀಟರ್ ಎತ್ತರ, 48ರಿಂದ 60 ಕಿಲೋಗ್ರಾಂ ತೂಕವಿರುತ್ತದೆ. ಹೆಣ್ಣು ಇದಕ್ಕಿಂತ ತುಸು ಚಿಕ್ಕದು. ಮೈಬಣ್ಣ ಒಣಹುಲ್ಲಿನಂತೆ ಮಾಸಲು ಹಳದಿ. ಮೋರೆ ಮಾತ್ರ ಮಸಿ ಬಳಿದಂತೆ ಕಪ್ಪು. ಕೂದಲು ಗಿಡ್ಡ, ಆದರೆ ಎರಡು ಪದರ: ಹೊರಗಿನದು ಒರಟು, ಒಳಗಿನದು ಮೃದು ಹಾಗೂ ಒತ್ತು. ಕುರುಬರು ಇದರ ಕೊರಳಿಗೆ ಉದ್ದನೆಯ ಕಬ್ಬಿಣದ ಮುಳ್ಳುಗಳುಳ್ಳ ಪಟ್ಟಿಯನ್ನು ತೊಡಿಸುತ್ತಾರೆ. ನೋಡುವವರಿಗೆ ಅದು ನಾಯಿಯ ಉಗ್ರತೆಯನ್ನು ಸಾರುವ ಆಭರಣದಂತೆ ಕಾಣುತ್ತದೆ. ಆದರೆ ಕೊರಳಿಗೆ ಬಾಯಿ ಹಾಕುವ ತೋಳದಿಂದ ನಾಯಿಯ ಪ್ರಾಣವನ್ನು ಉಳಿಸುವುದೇ ಅದರ ಪ್ರಯೋಜನ.

ಮಾರುವವರು ಈ ನಾಯಿಯನ್ನು ವರ್ಣಿಸುವಾಗ ಅದರ ಕಚ್ಚುವ ಬಲ 'ಚದರ ಅಂಗುಲಕ್ಕೆ 743 ಪೌಂಡು' ಎಂದು ಹೇಳುವುದುಂಟು. ಭೌತಶಾಸ್ತ್ರದ ಪ್ರಥಮ ಪಾಠಗಳನ್ನು ಓದಿದವರಿಗೂ ಇದರ ದೋಷ ಹೊಳೆಯಬೇಕು. ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬುದು ಒತ್ತಡದ ಮಾನ, ಬಲದ ಮಾನವಲ್ಲ. ಹಲ್ಲಿನ ತುದಿ ಎಷ್ಟು ವಿಸ್ತೀರ್ಣದ ಮೇಲೆ ಊರಿತು ಎಂಬುದನ್ನು ಹೇಳದೆ ಒತ್ತಡವನ್ನಷ್ಟೇ ಹೇಳಿದರೆ ಬಲವೆಷ್ಟೆಂದು ತಿಳಿಯುವುದು ಅಸಾಧ್ಯ. ಅಲ್ಲದೆ, ಕಾವಲಿನ ಯೋಗ್ಯತೆಯನ್ನು ದವಡೆಯಿಂದ ಅಳೆಯಲು ಹೊರಡುವುದೇ ತಪ್ಪು. ಏಕೆಂಬುದು ಮುಂದೆ ತಿಳಿಯುತ್ತದೆ.

ಬೇಟೆಯ ನಾಯಿ, ಅಟ್ಟುವ ನಾಯಿ, ಕಾಯುವ ನಾಯಿ

ತೋಳವು ಬೇಟೆಯಾಡುವ ಕ್ರಮವನ್ನು ಗಮನಿಸಿದರೆ ಅದರಲ್ಲಿ ಹಲವು ಮೆಟ್ಟಿಲುಗಳು ಕಾಣುತ್ತವೆ. ಮೊದಲು ಬೇಟೆಯತ್ತ ತಿರುಗುವುದು, ಬಳಿಕ ಕಣ್ಣು ನೆಟ್ಟು ನೋಡುವುದು, ಹೊಂಚುಹಾಕಿ ಮುಂದುವರಿಯುವುದು, ಬೆನ್ನಟ್ಟುವುದು, ಹಿಡಿಯುವುದು, ಕೊನೆಗೆ ಕೊಲ್ಲುವುದು. ನಾಯಿ ತೋಳದ ವಂಶಕ್ಕೆ ಸೇರಿದ್ದು. ಮನುಷ್ಯನು ತನ್ನ ಕೆಲಸಗಳಿಗೆ ತಕ್ಕಂತೆ ನಾಯಿಗಳನ್ನು ಆರಿಸಿ ಬೆಳೆಸುತ್ತ ಬಂದಾಗ ಈ ಮೆಟ್ಟಿಲುಗಳಲ್ಲಿ ಕೆಲವು ಬಲಗೊಂಡವು, ಕೆಲವು ಕುಂದಿದವು. ಅಮೆರಿಕದ ಹ್ಯಾಂಪ್‌ಷೈರ್ ಕಾಲೇಜಿನಲ್ಲಿ ಮಂದೆಯ ನಾಯಿಗಳನ್ನು ದೀರ್ಘಕಾಲ ಅಭ್ಯಸಿಸಿದ ರೇಮಂಡ್ ಕಾಪಿಂಜರ್ ಮತ್ತು ಲೋರ್ನ ಕಾಪಿಂಜರ್ ದಂಪತಿಗಳು ಈ ತತ್ತ್ವವನ್ನು ಸ್ಪಷ್ಟವಾಗಿ ವಿವರಿಸಿದರು.

ನಮ್ಮ ಮುಧೋಳದ ನಾಯಿಯಲ್ಲಿ ಕಣ್ಣಿಗೆ ಬಿದ್ದುದನ್ನು ಬೆನ್ನಟ್ಟಿ ಹಿಡಿಯುವ ಗುಣ ಪ್ರಬಲ. ಅದು ಬೇಟೆಯ ನಾಯಿ. ಬ್ರಿಟನ್ನಿನ ಬಾರ್ಡರ್ ಕೋಲಿಯಲ್ಲಿ ಕಣ್ಣು ನೆಡುವುದು, ಹೊಂಚುವುದು, ಅಟ್ಟುವುದು ಬಲವಾಗಿದ್ದು, ಕೊಲ್ಲುವ ಮೆಟ್ಟಿಲು ಮಾತ್ರ ಅಡಗಿದೆ. ಅದು ಕುರಿಗಳನ್ನು ಅಟ್ಟಿ ನಡೆಸುವ ನಾಯಿ. ಕಂಗಾಲ್ ಇವೆರಡಕ್ಕಿಂತಲೂ ಭಿನ್ನ. ಒಳ್ಳೆಯ ಕಂಗಾಲ್ ನಾಯಿಯಲ್ಲಿ ಬೇಟೆಯ ಈ ಮೆಟ್ಟಿಲುಗಳೆಲ್ಲವೂ ಮಂಕಾಗಿರುತ್ತವೆ. ಕುರಿ ಓಡಿದರೆ ಅದು ಅಟ್ಟುವುದಿಲ್ಲ. ಕುರಿಮರಿ ಬಳಿಗೆ ಬಂದರೆ ಮುಖ ತಿರುಗಿಸಿ ಮಲಗುತ್ತದೆ. ಅತ್ಯಂತ ಬಲಿಷ್ಠವಾದ ಕಾವಲುನಾಯಿಯಲ್ಲಿ ಬೇಟೆಯ ಹಂಬಲ ಅತ್ಯಂತ ಕಡಮೆ ಇರಬೇಕೆಂಬುದು ವಿಚಿತ್ರವಾಗಿ ಕಾಣಬಹುದು. ಆದರೆ ಆಲೋಚಿಸಿದರೆ ಸಹಜವೆನಿಸುತ್ತದೆ: ಕಾಯಬೇಕಾದುದನ್ನೇ ತಿನ್ನಲು ಬಯಸುವವನು ಕಾವಲುಗಾರನಾಗಲಾರ.

ಎಳೆತನದ ಪಾಠ

ಹಾಗಾದರೆ ನಾಯಿಗೆ ಕುರಿಗಳ ಮೇಲೆ ಮಮತೆ ಹುಟ್ಟುವುದು ಹೇಗೆ? ಚಾರ್ಲ್ಸ್ ಡಾರ್ವಿನ್ 1833ರಲ್ಲಿ ದಕ್ಷಿಣ ಅಮೆರಿಕದ ಉರುಗ್ವೆ ಸೀಮೆಯಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಮನುಷ್ಯರು ಯಾರೂ ಇಲ್ಲದೆ ಕುರಿಮಂದೆಗಳನ್ನು ಕಾಯುತ್ತಿದ್ದ ನಾಯಿಗಳನ್ನು ಕಂಡು ಆಶ್ಚರ್ಯಪಟ್ಟು, ಅವುಗಳನ್ನು ಪಳಗಿಸುವ ವಿಧಾನವನ್ನು ವಿಚಾರಿಸಿ ಬರೆದಿಟ್ಟನು. ಬಹಳ ಎಳೆಯದಾಗಿರುವಾಗಲೇ ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಕುರಿಹಟ್ಟಿಯಲ್ಲಿ ಬಿಡುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಸಲ ಕುರಿಯೊಂದನ್ನು ಹಿಡಿದು ನಿಲ್ಲಿಸಿ ಮರಿಗೆ ಅದರ ಹಾಲನ್ನೇ ಕುಡಿಸುತ್ತಿದ್ದರು. ಮಲಗಲು ಹಟ್ಟಿಯೊಳಗೆ ಉಣ್ಣೆಯ ಹಾಸಿಗೆ. ಇತರ ನಾಯಿಗಳ ಜೊತೆಗಾಗಲಿ ಮನೆಯ ಮಕ್ಕಳ ಜೊತೆಗಾಗಲಿ ಆಡಲು ಬಿಡುತ್ತಿರಲಿಲ್ಲ. ಹೀಗೆ ಬೆಳೆದ ನಾಯಿಗೆ ಮಂದೆಯೇ ಬಂಧುಬಳಗವಾಗುತ್ತಿತ್ತು.

ಡಾರ್ವಿನ್ ಕಂಡ ಈ ಪದ್ಧತಿಯ ಹಿಂದಿನ ಕಾರಣ ಪ್ರಯೋಗದಿಂದ ತಿಳಿದುಬಂದುದು ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ವಿಜ್ಞಾನಿಗಳು ಎತ್ತರವಾದ ಬೇಲಿಯೊಳಗೆ ನಾಯಿಮರಿಗಳನ್ನು ತಾಯಿಯೊಡನೆ ಬಿಟ್ಟು, ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ತಂಡದ ಮರಿಗಳನ್ನು ಒಂದು ವಾರದ ಮಟ್ಟಿಗೆ ಮನುಷ್ಯರ ಒಡನಾಟಕ್ಕೆ ತಂದರು. ಎಳೆಯ ವಾರಗಳಲ್ಲಿ ಒಡನಾಟ ದೊರೆತವು ಸಲಿಗೆಯಿಂದ ಬೆಳೆದವು. 14 ವಾರಗಳವರೆಗೂ ಮನುಷ್ಯರನ್ನು ಕಾಣದಿದ್ದ ಮರಿಗಳು ಕಾಡುಪ್ರಾಣಿಗಳಂತೆ ಅಂಜಿ ದೂರ ಸರಿಯುತ್ತಿದ್ದವು. ಈ ಫಲಿತಾಂಶ 1961ರಲ್ಲಿ ಪ್ರಕಟವಾಯಿತು. ಅದೇ ಪ್ರಯೋಗಾಲಯದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗಿನ ಅವಧಿ ನಾಯಿಯ ಸಾಮಾಜಿಕ ಬಾಳಿಗೆ ನಿರ್ಣಾಯಕವೆಂದು ತೋರಿಸಿದರು.

ಈ ವಾರಗಳಲ್ಲಿ ಯಾರ ವಾಸನೆ, ಯಾರ ದನಿ, ಯಾರ ಸ್ಪರ್ಶ ಮರಿಗೆ ಪರಿಚಿತವಾಗುವುದೋ ಅವರೆಲ್ಲ 'ನಮ್ಮವರು'; ಉಳಿದವರು ಹೊರಗಿನವರು. ಕುರಿಗಳ ನಡುವೆ ಬೆಳೆದ ಕಂಗಾಲ್ ಕುರಿಗಳನ್ನು ಕಾಯುವುದು ಇದರಿಂದಲೇ. ಇದೇ ನಿಯಮದ ಇನ್ನೊಂದು ಮುಖವನ್ನು ನಗರವಾಸಿಗಳು ಗಮನಿಸಬೇಕು. ಮೂರು ತಿಂಗಳವರೆಗೆ ಪಂಜರದಲ್ಲಿ ಬೆಳೆದು, ಮಾರಾಟಗಾರನೊಬ್ಬನನ್ನು ಬಿಟ್ಟು ಬೇರಾರನ್ನೂ ಕಾಣದ ಮರಿಗೆ ಇಡೀ ಜಗತ್ತೇ ಹೊರಗಿನದು. ಅಂಥ ನಾಯಿ 60 ಕಿಲೋಗ್ರಾಂ ತೂಕಕ್ಕೆ ಬೆಳೆದಾಗ ಅದರ ಅಂಜಿಕೆಯೇ ಅಪಾಯವಾಗುತ್ತದೆ. ಜನರು ಅದನ್ನು ಶೌರ್ಯವೆಂದು ತಿಳಿಯುತ್ತಾರೆ. ನಿಜವಾಗಿ ಅದು ಭಯ.

ಕಾವಲಿನ ಕ್ರಮ

ಕಾಪಿಂಜರ್ ದಂಪತಿಗಳ ಪ್ರಕಾರ ಮಂದೆಯ ನಾಯಿಗೆ ಮೂರು ಗುಣಗಳಿರಬೇಕು. ಮೊದಲನೆಯದು ನಂಬಿಕೆ: ಅದು ಮಂದೆಗೆ ಕೇಡು ಮಾಡಬಾರದು. ಎರಡನೆಯದು ಲಕ್ಷ್ಯ: ಮಂದೆ ಹೋದೆಡೆಗೆ ಹೋಗಿ, ನಿಂತೆಡೆಯಲ್ಲಿ ನಿಲ್ಲಬೇಕು. ಮೂರನೆಯದು ರಕ್ಷಣೆ: ಹೊಸದೇನಾದರೂ ಕಂಡರೆ ಅದಕ್ಕೆ ಅಡ್ಡ ನಿಲ್ಲಬೇಕು. ಕಾದಾಡುವ ಶಕ್ತಿ ಈ ಪಟ್ಟಿಯ ಮೊದಲಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು.

ನಾಯಿ ತನ್ನ ಕೆಲಸವನ್ನು ಮಾಡುವ ರೀತಿಯೂ ಇದಕ್ಕೆ ಒಪ್ಪುವಂತಿದೆ. ಹಗಲಿನ ಬಹುಭಾಗ ಅದು ಎತ್ತರದ ಜಾಗದಲ್ಲಿ ಮಲಗಿ ಸುಮ್ಮನೆ ನೋಡುತ್ತಿರುತ್ತದೆ. ಸಂಜೆಯಾಗುತ್ತಲೇ ಎದ್ದು ಮಂದೆಯ ಸುತ್ತ ಅಡ್ಡಾಡಿ, ಅಲ್ಲಲ್ಲಿ ಮೂತ್ರ ಮಾಡಿ ಗಡಿಯನ್ನು ಗುರುತಿಸುತ್ತದೆ. ಸಂಶಯ ಬಂದರೆ ಗಂಭೀರವಾಗಿ ಬೊಗಳುತ್ತದೆ. ತೋಳ ಹಿಂದೆ ಸರಿಯದಿದ್ದರೆ ಮಂದೆಗೂ ತೋಳಕ್ಕೂ ನಡುವೆ ಬಂದು ನಿಲ್ಲುತ್ತದೆ. ಅದಕ್ಕೂ ಬಗ್ಗದಿದ್ದರೆ ಮುನ್ನುಗ್ಗುತ್ತದೆ. ಕಚ್ಚಾಟ ಕಟ್ಟಕಡೆಯ ಉಪಾಯ. ಗಾಯಗೊಳ್ಳುವ ಅಪಾಯವಿರುವಲ್ಲಿ ಊಟವನ್ನು ಬಿಟ್ಟುಹೋಗುವುದೇ ತೋಳಕ್ಕೆ ಲಾಭ. ಆದುದರಿಂದ ಬಹುಪಾಲು ಸಂದರ್ಭಗಳಲ್ಲಿ ಬೊಗಳಿಕೆ ಮತ್ತು ನಿಲುವಿನಿಂದಲೇ ಕೆಲಸ ಮುಗಿಯುತ್ತದೆ.

ಇದರ ಪ್ರಯೋಜನ ಆಫ್ರಿಕದ ನಮೀಬಿಯ ದೇಶದಲ್ಲಿ ಚೆನ್ನಾಗಿ ಕಂಡುಬಂದಿದೆ. ಅಲ್ಲಿನ ರೈತರು ತಮ್ಮ ಆಡು ಕುರಿಗಳನ್ನು ಉಳಿಸಿಕೊಳ್ಳಲು ಚೀತಾಗಳನ್ನು ಕೊಲ್ಲುತ್ತಿದ್ದರು. ಲಾರಿ ಮಾರ್ಕರ್ ಅವರು 1990ರಲ್ಲಿ ಸ್ಥಾಪಿಸಿದ ಚೀತಾ ಸಂರಕ್ಷಣಾ ನಿಧಿಯು 1994ರಿಂದ ಅನಟೋಲಿಯದ ಈ ಕಾವಲುನಾಯಿಗಳ ಮರಿಗಳನ್ನು ರೈತರಿಗೆ ಕೊಡಲು ಆರಂಭಿಸಿತು. 2005ರಲ್ಲಿ ಪ್ರಕಟವಾದ ವರದಿಯಂತೆ, ಉತ್ತರ ಕೊಟ್ಟ ರೈತರಲ್ಲಿ ನೂರಕ್ಕೆ 73 ಮಂದಿ ನಾಯಿ ಬಂದ ಮೇಲೆ ತಮ್ಮ ನಷ್ಟ ಬಹಳ ಕಡಮೆಯಾಯಿತೆಂದು ಹೇಳಿದರು. ಕುರಿ ಉಳಿದರೆ ರೈತನಿಗೆ ಬಂದೂಕು ಎತ್ತುವ ಕಾರಣವಿಲ್ಲ. ಆದಕಾರಣ ಚೀತಾ ಕೂಡ ಉಳಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಬಂದ ಎಂಟು ಚೀತಾಗಳು ಇದೇ ನಮೀಬಿಯದವು. ಕುರಿಯನ್ನು ಕಾಯುವ ನಾಯಿ ಕುರಿಯ ವೈರಿಯನ್ನೂ ಕಾದಿತೆಂಬುದು ಸೋಜಿಗದ ಸಂಗತಿ.

ಗಾತ್ರದ ಲೆಕ್ಕ

ಸ್ವಭಾವವಾಯಿತು, ಇನ್ನು ಶರೀರ. ದೊಡ್ಡ ನಾಯಿಯೆಂದರೆ ಹಿಗ್ಗಿಸಿದ ಸಣ್ಣ ನಾಯಿಯಲ್ಲ. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಸಣ್ಣ ನಾಯಿಯೊಂದು ತನ್ನಷ್ಟೇ ದೊಡ್ಡದಾದ ಎರಡು ಮೂರು ನಾಯಿಗಳನ್ನು ಬೆನ್ನ ಮೇಲೆ ಹೊರಬಹುದಾದರೂ, ಕುದುರೆ ತನ್ನಂಥ ಒಂದು ಕುದುರೆಯನ್ನೂ ಹೊರಲಾರದೆಂದು ಅಭಿಪ್ರಾಯಪಟ್ಟಿದ್ದನು. ಕಾರಣ ಸುಲಭ. 7.5 ಕಿಲೋಗ್ರಾಂ ತೂಕದ ನಾಯಿಯೊಂದನ್ನು ಎಲ್ಲ ದಿಕ್ಕಿನಲ್ಲಿಯೂ ಎರಡರಷ್ಟು ಹಿಗ್ಗಿಸಿದೆವೆಂದು ಭಾವಿಸೋಣ. ಅದರ ತೂಕ ಎರಡರ ಘನದಷ್ಟು, ಅಂದರೆ ಎಂಟು ಪಟ್ಟು ಹೆಚ್ಚಿ 60 ಕಿಲೋಗ್ರಾಂ ಆಗುತ್ತದೆ. ಆದರೆ ಎಲುಬಿನ ಅಡ್ಡಕೊಯ್ತದ ವಿಸ್ತೀರ್ಣವೂ ಚರ್ಮದ ವಿಸ್ತೀರ್ಣವೂ ಎರಡರ ವರ್ಗದಷ್ಟು, ಅಂದರೆ ನಾಲ್ಕು ಪಟ್ಟು ಮಾತ್ರ ಹೆಚ್ಚುತ್ತವೆ. ಎಲುಬಿನ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ಎರಡರಷ್ಟು ಭಾರ ಬೀಳುತ್ತದೆ.

ಆಹಾರದ ಲೆಕ್ಕವೂ ಸ್ವಾರಸ್ಯವಾಗಿದೆ. ಪ್ರಾಣಿಯ ವಿಶ್ರಾಂತಿಕಾಲದ ಶಕ್ತಿವ್ಯಯವು ತೂಕದ ಮುಕ್ಕಾಲನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದನು. ಇದರಂತೆ ನಮ್ಮ ಸಣ್ಣ ನಾಯಿಗೆ ದಿನಕ್ಕೆ ಸುಮಾರು 320 ಕಿಲೊಕ್ಯಾಲೊರಿ ಬೇಕಾದರೆ, ದೊಡ್ಡದಕ್ಕೆ ಸುಮಾರು 1,500 ಸಾಕು. ತೂಕ ಎಂಟು ಪಟ್ಟು. ಆಹಾರ ಐದು ಪಟ್ಟಿಗಿಂತ ಕಡಮೆ. ಕೆಲಸ ಮಾಡುವ ನಾಯಿಗೆ ಇದಕ್ಕಿಂತ ಹೆಚ್ಚು ಬೇಕೆಂಬುದು ನಿಜ. ಆದರೂ ದೊಡ್ಡ ನಾಯಿಗೆ ಬುಟ್ಟಿ ತುಂಬ ಅನ್ನ ಸುರಿಯುವುದು ತಪ್ಪು.

ತಿಂದ ಅನ್ನವೆಲ್ಲ ಕಡೆಗೆ ಶಾಖವಾಗಿ ಹೊರಬೀಳಬೇಕು. ಸಿವಾಸಿನ ಹಿಮದಲ್ಲಿ ಚರ್ಮದ ವಿಸ್ತೀರ್ಣ ಕಡಮೆಯಾಗಿರುವುದು ಅನುಕೂಲ. ಶಾಖ ಬೇಗ ಸೋರಿಹೋಗುವುದಿಲ್ಲ. ಸೆಕೆಯ ನಾಡಿನಲ್ಲಿ ಅದೇ ಪ್ರತಿಕೂಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಶಕ್ತಿಯಿಲ್ಲ. ಅದು ಬಾಯಿ ತೆರೆದು ಏದುಸಿರು ಬಿಟ್ಟು, ನಾಲಿಗೆ ಮತ್ತು ಶ್ವಾಸಮಾರ್ಗದ ನೀರನ್ನು ಆವಿಯಾಗಿಸಿ ತಣಿಯುತ್ತದೆ. ನಾಯಿಯ ಮೈ ಉಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಕಲಬುರಗಿಯ ಬೇಸಗೆಯಲ್ಲಿ ಗಾಳಿಯ ಉಷ್ಣತೆ ಇದನ್ನು ಮೀರುವುದುಂಟು. ಆಗ ಶಾಖ ಹೊರಹೋಗಲು ಆವಿಯೊಂದೇ ದಾರಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಗುಪ್ತೋಷ್ಣ ಬೇಕು. ದಿನವೆಲ್ಲ ಅಂಥ ಸೆಕೆಯೇ ಇದ್ದರೆ, ಸುಮ್ಮನೆ ಮಲಗಿದ ನಾಯಿಯೂ 1,500 ಕಿಲೊಕ್ಯಾಲೊರಿಯನ್ನು ಕಳೆದುಕೊಳ್ಳಲು ಎರಡೂವರೆ ಲೀಟರಿಗೂ ಹೆಚ್ಚು ನೀರನ್ನು ಆವಿಯಾಗಿಸಬೇಕು. ಗಾಳಿ ಒಣಗಿದ್ದರೆ ಇದು ಸಾಧ್ಯ. ನಮೀಬಿಯದಲ್ಲಿ ಈ ನಾಯಿ ಬಾಳುತ್ತಿರುವುದು ಹೀಗೆಯೇ. ಮಂಗಳೂರಿನ ತೇವದ ಗಾಳಿಯಲ್ಲಿ ಆವಿಯಾಗುವಿಕೆಯೇ ನಿಧಾನ. ಅಲ್ಲಿ ಬಿಸಿಲಲ್ಲಿ ಕಟ್ಟಿಹಾಕಿದ ದೊಡ್ಡ ನಾಯಿಗೆ ಪ್ರಾಣಾಪಾಯವುಂಟು.

ಪಾಲನೆ

ಮೇಲಿನ ತತ್ತ್ವಗಳಿಂದಲೇ ಪಾಲನೆಯ ನಿಯಮಗಳು ಹೊರಡುತ್ತವೆ. ನೆರಳು, ಗಾಳಿ, ಸದಾ ತುಂಬಿದ ನೀರಿನ ತೊಟ್ಟಿ ಇವು ಮೊದಲ ಅಗತ್ಯ. ನಡೆದಾಟ ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿರಬೇಕು. ಸೆಕೆಯೆಂದು ಕೂದಲನ್ನು ಬೋಳಿಸಬಾರದು. ಅದು ಬಿಸಿಲನ್ನು ತಡೆಯುವ ಹೊದಿಕೆ. ಉದುರುವ ಒಳಗೂದಲನ್ನು ಬಾಚಿ ತೆಗೆದರೆ ಸಾಕು.

ಮರಿಯ ಬೆಳವಣಿಗೆಯಲ್ಲಿ ಆತುರ ಕೂಡದು. ಇಂಥ ತಳಿಗಳ ಎಲುಬುಗಳು ಬಲಿಯಲು ಒಂದೂವರೆ ವರ್ಷದವರೆಗೆ ಹಿಡಿಯುತ್ತದೆ. ಮರಿ ಬೇಗ ದಪ್ಪವಾಗಲೆಂದು ಹೆಚ್ಚು ತಿನ್ನಿಸಿದರೆ ಬಲಿಯದ ಎಲುಬುಗಳ ಮೇಲೆ ಭಾರ ಬಿದ್ದು ಕೀಲುಗಳು ಕೆಡುತ್ತವೆ. ನಮ್ಮಲ್ಲಿ ಅನೇಕರು ಎಲುಬು ಗಟ್ಟಿಯಾಗಲೆಂದು ಸುಣ್ಣದ ಅಂಶವಿರುವ ಔಷಧಿಗಳನ್ನು ತಾವೇ ಕೊಡುತ್ತಾರೆ. ಸಮತೂಕದ ಆಹಾರ ತಿನ್ನುವ ಮರಿಗೆ ಇದು ಹಾನಿಕರ. ಎಳೆಯ ಮರಿಯ ಕರುಳು ಹೆಚ್ಚಿನ ಕ್ಯಾಲ್ಸಿಯಮ್ಮನ್ನು ತಡೆಯಲಾರದೆಂದೂ, ಅದರಿಂದ ಎಲುಬುಗಳು ವಿಕಾರಗೊಳ್ಳುತ್ತವೆಂದೂ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಪ್ರಯೋಗಗಳಿಂದ ಸಿದ್ಧಪಟ್ಟಿದೆ.

ಎದೆ ಆಳವಾಗಿರುವ ದೊಡ್ಡ ನಾಯಿಗಳಿಗೆ ಜಠರವು ಗಾಳಿಯಿಂದ ಉಬ್ಬಿ ತಿರುಚಿಕೊಳ್ಳುವ ವ್ಯಾಧಿ ಬರುವುದುಂಟು. ಹೊಟ್ಟೆ ಉಬ್ಬುವುದು, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದಿರುವುದು, ನಿಂತಲ್ಲಿ ನಿಲ್ಲದ ಚಡಪಡಿಕೆ ಇವು ಅದರ ಲಕ್ಷಣಗಳು. ಇದು ಗಂಟೆಗಳ ಲೆಕ್ಕದಲ್ಲಿ ಕೊಲ್ಲುವ ವ್ಯಾಧಿ. ಬೆಳಗಾಗಲೆಂದು ಕಾಯದೆ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ದಿನದ ಆಹಾರವನ್ನು ಎರಡು ಮೂರು ಪಾಲು ಮಾಡಿ ಕೊಡುವುದು, ಉಂಡ ಕೂಡಲೇ ಓಡಿಸದಿರುವುದು ಮುನ್ನೆಚ್ಚರಿಕೆಗಳು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ಉಣ್ಣಿಗಳನ್ನು ಹುಡುಕಿ ತೆಗೆಯುವುದು ನಿತ್ಯದ ಕೆಲಸವಾಗಬೇಕು.

ಶರೀರದ ಪಾಲನೆಗಿಂತ ಕಠಿನವಾದುದು ಸ್ವಭಾವದ ಪಾಲನೆ. ಕುರುಬನು ಇಲ್ಲದಾಗಲೂ ತಾನೇ ಯೋಚಿಸಿ ನಿರ್ಧರಿಸಲೆಂದು ಬೆಳೆಸಿದ ನಾಯಿ ಇದು. ಒಂದೊಂದು ಆಜ್ಞೆಗೂ ಒಡನೆಯೇ ತಲೆಬಾಗುವ ವಿಧೇಯತೆಯನ್ನು ಇದರಿಂದ ನಿರೀಕ್ಷಿಸಬಾರದು. ಹೊಡೆದು ಕಲಿಸಲು ಹೋದರೆ ನಂಬಿಕೆ ಮುರಿಯುತ್ತದೆ. ಎಳೆತನದಲ್ಲಿಯೇ ಮಕ್ಕಳು, ಮುದುಕರು, ಅತಿಥಿಗಳು, ಪತ್ರಿಕೆ ಹಾಕುವ ಹುಡುಗ, ಬೀದಿಯ ಸದ್ದು ಎಲ್ಲವನ್ನೂ ಮೆಲ್ಲಗೆ ಪರಿಚಯಿಸಬೇಕು. ಮನಸ್ಸು ಬಲಿಯಲು ಎರಡು ವರ್ಷ ಬೇಕು. ಅಲ್ಲಿಯವರೆಗೆ ತಾಳ್ಮೆಯೇ ಶಿಕ್ಷಣ. ಸರಪಳಿಯಲ್ಲಿಯೇ ಬದುಕುವ ನಾಯಿಗೆ ಹಿಂದೆ ಸರಿಯುವ ದಾರಿ ಇರುವುದಿಲ್ಲ. ಬೊಗಳಿ, ಅಡ್ಡ ನಿಂತು, ಎಚ್ಚರಿಸಿ ಮುಗಿಸುವ ಅದರ ಸಹಜ ಕ್ರಮ ಅಲ್ಲಿ ನಡೆಯುವುದಿಲ್ಲವಾದ ಕಾರಣ ಕಚ್ಚುವುದೊಂದೇ ಉಳಿಯುತ್ತದೆ.

ಮರಿಯನ್ನು ಕೊಳ್ಳುವ ಮುನ್ನ

ಆದಕಾರಣ ಇಂಥ ಮರಿಯನ್ನು ಕೊಳ್ಳಬಯಸುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದು ಕಾಯಬೇಕಾದ ಮಂದೆ ಎಲ್ಲಿದೆ? ರಾತ್ರಿಯಿಡೀ ಅಡ್ಡಾಡಿ ಬೊಗಳುವ ಇದರ ಕಸುಬನ್ನು ನೆರೆಹೊರೆಯವರು ಸಹಿಸಬಲ್ಲರೆ? ಹತ್ತು ವರ್ಷ ಕಾಲ, ಬೇಸಗೆಯ ಒಂದೊಂದು ಹಗಲಿನಲ್ಲಿಯೂ, ಇದಕ್ಕೆ ನೆರಳನ್ನೂ ನೀರನ್ನೂ ಒಡನಾಟವನ್ನೂ ಕೊಡಬಲ್ಲೆವೆ? ಉತ್ತರ ಇಲ್ಲವೆಂದಾದರೆ, ಆಸೆಯನ್ನು ಬಿಡುವುದೇ ನಾಯಿಗೆ ತೋರುವ ದಯೆ.

ಯಾವ ತಳಿಯೂ ಹುಟ್ಟುತ್ತಲೇ ಕ್ರೂರವೆಂದು ಹೇಳಿಬಿಡುವುದು ಸುಲಭ. ಯಾವ ನಾಯಿಯಿಂದಲೂ ಅಪಾಯವಿಲ್ಲವೆನ್ನುವುದೂ ಅಷ್ಟೇ ಸುಲಭ. ಕಂಗಾಲ್ ನಾಯಿಯ ವೃತ್ತಾಂತ ಇವೆರಡನ್ನೂ ಒಪ್ಪುವುದಿಲ್ಲ. ಅದರ ಶಕ್ತಿ ದೊಡ್ಡದು. ಆ ಶಕ್ತಿ ಯಾರ ಪರವಾಗಿ ನಿಲ್ಲುವುದೆಂಬುದು ಬಹುಮಟ್ಟಿಗೆ ಎಳೆತನದ ಕೆಲವು ವಾರಗಳಲ್ಲಿ, ಸಾಕುವವನ ಕೈಯಲ್ಲಿ ನಿರ್ಧಾರವಾಗುತ್ತದೆ. ಅನಟೋಲಿಯದ ಕುರುಬನು ತನ್ನ ಮರಿಯನ್ನು ಮೊದಲು ಮಲಗಿಸುವುದು ಕುರಿಮರಿಗಳ ನಡುವೆ. ಕಾವಲಿನ ಮೊದಲ ಪಾಠ ಅಲ್ಲಿ ಆರಂಭವಾಗುತ್ತದೆ.